ಸೌರಮಾರುತದ ಎಲೆಕ್ಟ್ರಾನುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸೌರಮಾರುತ ಎಂದರೇನು? ಅದರಲ್ಲಿ ಎಲೆಕ್ಟ್ರಾನುಗಳ ಪಾಲು ಎಷ್ಟು?

ಸೂರ್ಯನ ಹೊರ ವಾತಾವರಣವಾದ ಕರೋನಾದಿಂದ ಎಲ್ಲ ದಿಕ್ಕುಗಳಿಗೂ, ಹಗಲಿರುಳೆನ್ನದೆ ಹರಿದುಹೋಗುತ್ತಿರುವ ವಿದ್ಯುದಾವೇಶಯುಕ್ತ ಕಣಗಳ ಪ್ರವಾಹವೇ ಸೌರಮಾರುತ. ಸೆಕೆಂಡಿಗೆ ಸುಮಾರು 300ರಿಂದ 800 ಕಿಲೋಮೀಟರ್ ವೇಗದ ಈ ಹರಿವಿನಲ್ಲಿ ಸೂರ್ಯನು ಪ್ರತಿ ಸೆಕೆಂಡಿಗೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ದ್ರವ್ಯವನ್ನು ಕಳೆದುಕೊಳ್ಳುತ್ತಾನೆ. ಅದರಲ್ಲಿ ಪ್ರೋಟಾನುಗಳು, ಶೇಕಡ ನಾಲ್ಕೈದರಷ್ಟು ಹೀಲಿಯಂ ಬೀಜಕಣಗಳು, ಅತ್ಯಲ್ಪ ಪ್ರಮಾಣದಲ್ಲಿ ಇತರ ಭಾರದ ಅಯಾನುಗಳು ಮತ್ತು ಇವುಗಳ ಧನಾವೇಶವನ್ನು ಸರಿಗಟ್ಟುವಷ್ಟು ಎಲೆಕ್ಟ್ರಾನುಗಳು ಇರುತ್ತವೆ. ಭೂಮಿಯ ಬಳಿ ಒಂದು ಘನ ಸೆಂಟಿಮೀಟರಿನಲ್ಲಿ, ಅಂದರೆ ಒಂದು ಸಕ್ಕರೆ ಅಚ್ಚಿನಷ್ಟು ಜಾಗದಲ್ಲಿ, ಸಾಮಾನ್ಯವಾಗಿ ಐದರಿಂದ ಹತ್ತು ಎಲೆಕ್ಟ್ರಾನುಗಳು ಸಿಗುತ್ತವೆ. ಎಣಿಕೆಯಲ್ಲಿ ಅವು ಅರ್ಧದಷ್ಟಿದ್ದರೂ, ಒಂದು ಎಲೆಕ್ಟ್ರಾನಿನ ದ್ರವ್ಯರಾಶಿ ಪ್ರೋಟಾನಿನ 1836ನೇ ಒಂದು ಭಾಗ ಮಾತ್ರವಾದ್ದರಿಂದ ಸೌರಮಾರುತದ ತೂಕದಲ್ಲಿ ಅವುಗಳ ಪಾಲು ಗಣನೆಗೆ ಬರುವುದಿಲ್ಲ.

ತೂಕವೇ ಇಲ್ಲವೆಂದ ಮೇಲೆ ಅವುಗಳ ಬಗ್ಗೆ ಇಷ್ಟು ಅಧ್ಯಯನ ಏಕೆ?

ತೂಕವಿಲ್ಲದಿರುವುದೇ ಅವುಗಳ ಮಹತ್ವಕ್ಕೆ ಕಾರಣ ಎಂಬುದನ್ನು ಎರಡು ಸಂಖ್ಯೆಗಳಿಂದ ತೋರಿಸಬಹುದು. ಕರೋನಾದ ಉಷ್ಣತೆ ಹತ್ತು ಲಕ್ಷ ಕೆಲ್ವಿನ್ ಎಂದು ಇಟ್ಟುಕೊಂಡರೆ ಅಲ್ಲಿನ ಪ್ರೋಟಾನಿನ ಉಷ್ಣ ವೇಗ ಸೆಕೆಂಡಿಗೆ ಸುಮಾರು 130 ಕಿಲೋಮೀಟರ್, ಎಲೆಕ್ಟ್ರಾನಿನದ್ದು ಸುಮಾರು 5500 ಕಿಲೋಮೀಟರ್. ಸೂರ್ಯನ ಮೇಲ್ಮೈಯಿಂದ ಬಿಡಿಸಿಕೊಂಡು ಹೋಗಲು ಬೇಕಾದ ವಿಮೋಚನಾ ವೇಗ ಸೆಕೆಂಡಿಗೆ 618 ಕಿಲೋಮೀಟರ್. ಆದ್ದರಿಂದ ಬರೀ ಗುರುತ್ವವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಪ್ರೋಟಾನುಗಳು ಸೂರ್ಯನಿಗೇ ಅಂಟಿಕೊಂಡಿರಬೇಕಿತ್ತು, ಎಲೆಕ್ಟ್ರಾನುಗಳು ಒಂದೂ ಉಳಿಯದೆ ಓಡಿಹೋಗಬೇಕಿತ್ತು.

ಆದರೆ ಹಾಗಾಗುವುದಿಲ್ಲ. ಎಲೆಕ್ಟ್ರಾನುಗಳು ಸ್ವಲ್ಪವೇ ಮುಂದಕ್ಕೆ ಸರಿದರೂ ಹಿಂದೆ ಉಳಿದ ಧನಾವೇಶ ಅವುಗಳನ್ನು ಎಳೆಯುತ್ತದೆ, ಮತ್ತು ಈ ಎಳೆದಾಟದಿಂದ ಸೂರ್ಯನಿಂದ ಹೊರಮುಖವಾಗಿ ಒಂದು ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ಆ ಕ್ಷೇತ್ರ ಎಲೆಕ್ಟ್ರಾನುಗಳಿಗೆ ಲಗಾಮು ಹಾಕುತ್ತದೆ, ಪ್ರೋಟಾನುಗಳನ್ನು ಮೇಲಕ್ಕೆತ್ತಿ ಹೊರಗೆ ದೂಡುತ್ತದೆ. ಕೊನೆಗೆ ಎರಡೂ ಬಗೆಯ ಕಣಗಳು ಸರಾಸರಿಯಲ್ಲಿ ಒಂದೇ ವೇಗದಿಂದ ಹೊರಡುವುದರಿಂದ ಸೂರ್ಯನ ಮೇಲೆ ಆವೇಶ ಕೂಡಿಕೊಳ್ಳುವುದಿಲ್ಲ. ಹೀಗೆ, ಪ್ರೋಟಾನನ್ನು ಸೂರ್ಯನ ಹಿಡಿತದಿಂದ ಬಿಡಿಸುವ ಕೆಲಸದಲ್ಲಿ ಒಂದು ಭಾಗವನ್ನು ಅದಕ್ಕಿಂತ 1836 ಪಟ್ಟು ಹಗುರವಾದ ಕಣ ಮಾಡುತ್ತಿದೆ. ವೇಗದ ಸೌರಮಾರುತಕ್ಕೆ ಈ ನೂಕು ಒಂದೇ ಸಾಲದು, ಕಾಂತ ಅಲೆಗಳ ಶಕ್ತಿಯೂ ಬೇಕು ಎಂಬುದು ಇಂದಿನ ತಿಳಿವಳಿಕೆ; ಆದರೂ ಈ ವಿದ್ಯುತ್ ಕ್ಷೇತ್ರವನ್ನು ಬಿಟ್ಟು ಬರೆದ ಯಾವ ವಿವರಣೆಯೂ ಪೂರ್ಣವಲ್ಲ ಎಂದು ನಾನು ದೃಢವಾಗಿ ಹೇಳುತ್ತೇನೆ.

ಎಲೆಕ್ಟ್ರಾನುಗಳು ಮಾಡುವ ಎರಡನೆಯ ಕೆಲಸ ಶಾಖವನ್ನು ಹೊತ್ತೊಯ್ಯುವುದು. ಸೌರಮಾರುತದಲ್ಲಿ ಉಷ್ಣ ವಹನವೆಂದು ಏನಿದೆಯೋ ಅದು ಬಹುಪಾಲು ಎಲೆಕ್ಟ್ರಾನುಗಳದ್ದೇ.

ಸೌರಮಾರುತ ಇದೆಯೆಂದು ಮೊದಲು ಹೇಳಿದವರು ಯಾರು?

ಧೂಮಕೇತುಗಳ ಬಾಲ ಸದಾ ಸೂರ್ಯನಿಗೆ ವಿಮುಖವಾಗಿರುವುದನ್ನು ವಿವರಿಸಲು ಜರ್ಮನಿಯ ಲುಡ್ವಿಗ್ ಬಿಯರ್‌ಮನ್ 1951ರಲ್ಲಿ ಸೂರ್ಯನಿಂದ ಕಣಗಳ ನಿರಂತರ ಹರಿವು ಇರಬೇಕೆಂದು ವಾದಿಸಿದರು. 1958ರಲ್ಲಿ ಷಿಕಾಗೋದ ಯೂಜೀನ್ ಪಾರ್ಕರ್ ಅದರ ಗಣಿತವನ್ನು ಮಂಡಿಸಿದಾಗ ಪರಿಶೀಲಕರು ಪ್ರಬಂಧವನ್ನು ಒಪ್ಪಲಿಲ್ಲ. ಪ್ರಬಂಧ ಕಳುಹಿಸಿದ್ದ ವಿಜ್ಞಾನ ಪತ್ರಿಕೆಯ ಸಂಪಾದಕರಾಗಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರು, ತಮಗೂ ಅದು ಒಪ್ಪಿಗೆಯಾಗದಿದ್ದರೂ ಗಣಿತದಲ್ಲಿ ತಪ್ಪು ಕಾಣದ ಕಾರಣ, ಅದನ್ನು ಪ್ರಕಟಿಸಿದರು. 1959ರಲ್ಲಿ ಸೋವಿಯತ್ ಒಕ್ಕೂಟದ ಲೂನಾ ನೌಕೆಗಳು ಹರಿವಿನ ಮೊದಲ ಸುಳಿವು ಕೊಟ್ಟವು, 1962ರಲ್ಲಿ ಶುಕ್ರನತ್ತ ಹೊರಟ ಮ್ಯಾರಿನರ್ 2 ತಿಂಗಳುಗಟ್ಟಲೆ ಅಳೆದು ಸಂದೇಹಕ್ಕೆ ಜಾಗವಿಲ್ಲದಂತೆ ಮಾಡಿತು.

ಸೌರಮಾರುತದ ಎಲೆಕ್ಟ್ರಾನುಗಳ ಉಷ್ಣತೆ ಎಷ್ಟು?

ಭೂಮಿಯ ಬಳಿ ಸುಮಾರು ಒಂದು ಲಕ್ಷದಿಂದ ಒಂದೂವರೆ ಲಕ್ಷ ಕೆಲ್ವಿನ್, ಅಂದರೆ ಕಣಗಳ ಶಕ್ತಿಯ ಏಕಮಾನದಲ್ಲಿ ಹತ್ತು ಎಲೆಕ್ಟ್ರಾನ್ ವೋಲ್ಟಿನ ಆಸುಪಾಸು ಎಂಬ ಉತ್ತರ ಎಲ್ಲ ಪಠ್ಯಗಳಲ್ಲೂ ಇದೆ. ಸಂಖ್ಯೆ ಸರಿಯೇ. ಆದರೆ ಎಲೆಕ್ಟ್ರಾನುಗಳಿಗೆ ಒಂದು ಉಷ್ಣತೆ ಇದೆ ಎಂಬ ಭಾವನೆ ಈ ವಿಷಯದಲ್ಲಿ ಅತಿ ಹೆಚ್ಚು ತಪ್ಪುದಾರಿಗೆ ಎಳೆಯುವಂಥದ್ದಾದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಒಂದು ಕೋಣೆಯ ಗಾಳಿಗೆ ಒಂದು ಉಷ್ಣತೆ ಇರುವುದು ಅದರ ಅಣುಗಳು ಸೆಕೆಂಡಿಗೆ ಕೋಟಿಗಟ್ಟಲೆ ಬಾರಿ ಒಂದಕ್ಕೊಂದು ಡಿಕ್ಕಿ ಹೊಡೆದು ಶಕ್ತಿಯನ್ನು ಹಂಚಿಕೊಳ್ಳುವುದರಿಂದ. ಜಾತ್ರೆಯ ನೂಕುನುಗ್ಗಲಲ್ಲಿ ಎಲ್ಲರ ನಡಿಗೆಯೂ ಹೆಚ್ಚುಕಡಿಮೆ ಒಂದೇ ಆಗುವಂತೆ, ಡಿಕ್ಕಿಗಳು ಎಲ್ಲ ಕಣಗಳನ್ನೂ ಒಂದೇ ಹದಕ್ಕೆ ತರುತ್ತವೆ. ಸೌರಮಾರುತವಾದರೋ ಬಟ್ಟಬಯಲು. ಭೂಮಿಯ ಬಳಿ ಸಾಮಾನ್ಯ ಎಲೆಕ್ಟ್ರಾನೊಂದು ಇನ್ನೊಂದು ಕಣದ ಪ್ರಭಾವದಿಂದ ಗಣನೀಯವಾಗಿ ದಿಕ್ಕು ಬದಲಿಸುವ ಮೊದಲು ಸಾಗುವ ದೂರ, ಸೂರ್ಯನಿಂದ ಭೂಮಿಗಿರುವ ದೂರಕ್ಕೆ, ಅಂದರೆ ಹದಿನೈದು ಕೋಟಿ ಕಿಲೋಮೀಟರಿಗೆ, ಹೋಲಿಸಬಹುದಾದಷ್ಟಿದೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಆವೇಶಯುಕ್ತ ಕಣಗಳ ನಡುವಿನ ಡಿಕ್ಕಿಯ ಪ್ರಮಾಣ ವೇಗದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ: ವೇಗ ಎರಡು ಪಟ್ಟಾದರೆ ಡಿಕ್ಕಿ ಎಂಟನೇ ಒಂದು ಭಾಗಕ್ಕಿಳಿಯುತ್ತದೆ, ಹತ್ತು ಪಟ್ಟಾದರೆ ಸಾವಿರದಲ್ಲಿ ಒಂದು ಭಾಗಕ್ಕೆ. ಆದ್ದರಿಂದ ನಿಧಾನದ ಎಲೆಕ್ಟ್ರಾನುಗಳು ಒಂದಿಷ್ಟು ಹೊಂದಿಕೊಂಡರೂ ವೇಗದವು ಯಾರೊಡನೆಯೂ ಬೆರೆಯದೆ, ತಾವು ಹೊರಟ ಕರೋನಾದ ಗುರುತನ್ನು ಹೊತ್ತುಕೊಂಡೇ ಬರುತ್ತವೆ. ‘ಉಷ್ಣತೆ ಎಷ್ಟು’ ಎನ್ನುವುದಕ್ಕಿಂತ ‘ಯಾವ ವೇಗದವು ಎಷ್ಟು, ಯಾವ ದಿಕ್ಕಿನವು ಎಷ್ಟು’ ಎಂದು ಕೇಳುವುದೇ ಇಲ್ಲಿ ಸರಿಯಾದ ಪ್ರಶ್ನೆ.

ಪ್ರೋಟಾನುಗಳೂ ಅಷ್ಟೇ ಬಿಸಿಯಾಗಿರುತ್ತವೆಯೇ?

ಇಲ್ಲ. ನಿಧಾನದ ಸೌರಮಾರುತದಲ್ಲಿ ಸಾಮಾನ್ಯವಾಗಿ ಎಲೆಕ್ಟ್ರಾನುಗಳು ಪ್ರೋಟಾನುಗಳಿಗಿಂತ ಬಿಸಿ, ವೇಗದ ಸೌರಮಾರುತದಲ್ಲಿ ಪ್ರೋಟಾನುಗಳೇ ಹೆಚ್ಚು ಬಿಸಿ. ಪ್ರೋಟಾನುಗಳಿಗೆ ಮಾರುತದ ಹರಿವು ತಮ್ಮ ಉಷ್ಣ ವೇಗಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು. ಎಲೆಕ್ಟ್ರಾನುಗಳಿಗೆ ಅದು ಸೆಕೆಂಡಿಗೆ ಎರಡು ಸಾವಿರ ಕಿಲೋಮೀಟರಿನ ತಮ್ಮ ಚಲನೆಯ ಮುಂದೆ ಮಂದವಾದ ತೇಲುವಿಕೆಯಷ್ಟೇ.

ತಿರುಳು, ಹೇಲೋ, ಸ್ಟ್ರಾಲ್ ಎಂಬ ಮೂರು ಗುಂಪುಗಳು ಯಾವುವು?

ಅಳತೆಗಳನ್ನು ವೇಗ ಮತ್ತು ದಿಕ್ಕಿಗೆ ಅನುಗುಣವಾಗಿ ಬಿಡಿಸಿದಾಗ ಕಾಣುವ ಗುಂಪುಗಳು ಇವು. ಎಣಿಕೆಯಲ್ಲಿ ಶೇಕಡ 95ರಷ್ಟಿರುವ ತಂಪಾದ ಗುಂಪು ತಿರುಳು. ಇದು ಹೆಚ್ಚುಕಡಿಮೆ ಸಮತೋಲನದಲ್ಲಿರುವ ಅನಿಲದಂತೆ ವರ್ತಿಸುತ್ತದೆ. ಅದನ್ನು ಸುತ್ತುವರಿದಂತೆ, ಹಲವು ಹತ್ತು ಎಲೆಕ್ಟ್ರಾನ್ ವೋಲ್ಟಿನಿಂದ ಸಾವಿರ ಎಲೆಕ್ಟ್ರಾನ್ ವೋಲ್ಟಿನವರೆಗಿನ ಶಕ್ತಿಯಲ್ಲಿ, ಎಲ್ಲ ದಿಕ್ಕಿಗೂ ಚಲಿಸುವ ವಿರಳವಾದ ಬಿಸಿ ಗುಂಪು ಹೇಲೋ. ಸಮತೋಲನದ ಅನಿಲದಲ್ಲಿ ಅಷ್ಟು ವೇಗದ ಕಣಗಳು ಇರಲೇಬಾರದು, ಇಲ್ಲಿ ಇವೆ. 1970ರ ದಶಕದ ಮಧ್ಯದಲ್ಲಿ ಅಮೆರಿಕದ ವಿಜ್ಞಾನಿಗಳು ಈ ಎರಡು ಗುಂಪುಗಳನ್ನು ಬೇರ್ಪಡಿಸಿ ವಿವರಿಸಿದರು.

ಮೂರನೆಯದು ಸ್ಟ್ರಾಲ್. ಜರ್ಮನ್ ಭಾಷೆಯಲ್ಲಿ ಕಿರಣ ಎಂಬ ಅರ್ಥದ ಈ ಪದ 1974ರ ಡಿಸೆಂಬರ್ ಮತ್ತು 1976ರ ಜನವರಿಯಲ್ಲಿ ಹಾರಿದ ಹೀಲಿಯೋಸ್ ಜೋಡಿ ನೌಕೆಗಳ ಮಾಹಿತಿಯಿಂದ ಬಳಕೆಗೆ ಬಂತು. ಕಾಂತಕ್ಷೇತ್ರದ ರೇಖೆಯ ಗುಂಟ, ಸೂರ್ಯನಿಂದ ಹೊರಮುಖವಾಗಿ, ಕಿರಿದಾದ ಧಾರೆಯಂತೆ ಹರಿಯುವ ವೇಗದ ಎಲೆಕ್ಟ್ರಾನುಗಳು ಇವು. 200 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಸ್ಟ್ರಾಲ್ ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ ಸುಮಾರು 8400 ಕಿಲೋಮೀಟರ್. ಸೂರ್ಯನ ಬಳಿಯಿಂದ ಭೂಮಿಗೆ ಅದು ಐದಾರು ಗಂಟೆಯಲ್ಲಿ ತಲುಪುತ್ತದೆ. ಅದೇ ಹೊತ್ತಿಗೆ ಹೊರಟ ಪ್ರೋಟಾನುಗಳು ಬಂದು ಮುಟ್ಟಲು ನಾಲ್ಕು ದಿನಗಳು ಬೇಕು. ಇವುಗಳಾಚೆ, ಎರಡು ಸಾವಿರ ಎಲೆಕ್ಟ್ರಾನ್ ವೋಲ್ಟಿಗಿಂತ ಮೇಲ್ಪಟ್ಟು, ಸೂಪರ್‌ಹೇಲೋ ಎಂಬ ಅತಿ ವಿರಳ ಗುಂಪೂ ಇದೆ.

ಸ್ಟ್ರಾಲ್ ಅಷ್ಟು ಕಿರಿದಾಗುವುದು ಏಕೆ? ಅದು ಕಿರಿದಾಗಿಯೇ ಉಳಿಯುತ್ತದೆಯೇ?

ಎಲೆಕ್ಟ್ರಾನುಗಳು ನೇರವಾಗಿ ಓಡುವುದಿಲ್ಲ, ಕಾಂತರೇಖೆಯ ಸುತ್ತ ಸುರುಳಿ ಸುತ್ತುತ್ತಾ ಸಾಗುತ್ತವೆ. ಭೂಮಿಯ ಬಳಿಯ ಐದು ನ್ಯಾನೋಟೆಸ್ಲಾ ಕ್ಷೇತ್ರದಲ್ಲಿ ಸಾಮಾನ್ಯ ಎಲೆಕ್ಟ್ರಾನು ಸೆಕೆಂಡಿಗೆ ಸುಮಾರು 140 ಸುತ್ತು ಹಾಕುತ್ತದೆ, ಸುರುಳಿಯ ತ್ರಿಜ್ಯ ಎರಡು ಕಿಲೋಮೀಟರಿನಷ್ಟು. ಸೂರ್ಯನಿಂದ ದೂರ ಹೋದಂತೆ ಕಾಂತಕ್ಷೇತ್ರ ದುರ್ಬಲವಾಗುತ್ತದೆ, ಆಗ ಸುತ್ತುವ ಚಲನೆಯಲ್ಲಿದ್ದ ಶಕ್ತಿ ಮುಂದೊತ್ತುವ ಚಲನೆಗೆ ವರ್ಗವಾಗುತ್ತದೆ. ಸುರುಳಿ ಹಿಂಜಿದ ದಾರದಂತೆ ನೀಳವಾಗುತ್ತದೆ. ಈ ಲೆಕ್ಕವೊಂದೇ ಕೆಲಸ ಮಾಡಿದ್ದರೆ ಭೂಮಿಯ ಬಳಿ ಸ್ಟ್ರಾಲ್ ಒಂದೆರಡು ಡಿಗ್ರಿಯಷ್ಟು ಸೂಜಿಮೊನೆಯಾಗಿರಬೇಕಿತ್ತು.

ಅಳತೆಯಲ್ಲಿ ಕಾಣುವುದು ಹಲವು ಪಟ್ಟು ಅಗಲವಾದ ಧಾರೆ, ಮತ್ತು ದೂರ ಹೆಚ್ಚಿದಂತೆ ಅದು ಇನ್ನೂ ಹರಡಿಕೊಳ್ಳುತ್ತದೆ. ಡಿಕ್ಕಿಗಳು ಇಷ್ಟು ಕಡಿಮೆಯಿರುವಲ್ಲಿ ಅದನ್ನು ಚದುರಿಸುತ್ತಿರುವುದು ಪ್ಲಾಸ್ಮಾದ, ಅಂದರೆ ಈ ಆವೇಶಯುಕ್ತ ಕಣಗಳ ಅನಿಲದ, ಅಲೆಗಳು. ಶಾಖದ ಹರಿವು ಮಿತಿ ಮೀರಿದಾಗ ಎಲೆಕ್ಟ್ರಾನುಗಳೇ ವಿಸ್ಲರ್ ಎಂಬ ಬಗೆಯ ಅಲೆಗಳನ್ನು ಎಬ್ಬಿಸಬಲ್ಲವು, ಆ ಅಲೆಗಳು ತಿರುಗಿ ಎಲೆಕ್ಟ್ರಾನುಗಳನ್ನೇ ದಿಕ್ಕೆಡಿಸುತ್ತವೆ. ಸೂರ್ಯನಿಂದ ಬೇರೆ ಬೇರೆ ದೂರಗಳಲ್ಲಿ ಹೀಲಿಯೋಸ್, ವಿಂಡ್ ಮತ್ತು ಯುಲಿಸಿಸ್ ನೌಕೆಗಳು ಮಾಡಿದ ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಸ್ಟ್ರಾಲ್‌ನ ಪಾಲು ಕುಗ್ಗಿದಷ್ಟೂ ಹೇಲೋದ ಪಾಲು ಹಿಗ್ಗುತ್ತದೆ. ಹೇಲೋ ಎಂಬುದು ಬಹುಮಟ್ಟಿಗೆ ದಾರಿಯಲ್ಲಿ ಚದುರಿಹೋದ ಸ್ಟ್ರಾಲ್ ಎಂಬ ವಿವರಣೆಗೆ ಇದೇ ಬಲವಾದ ಆಧಾರ.

ಸ್ಟ್ರಾಲ್‌ನಿಂದ ಪ್ರಾಯೋಗಿಕವಾಗಿ ಏನು ತಿಳಿಯುತ್ತದೆ?

ಬಾಹ್ಯಾಕಾಶದ ಕಾಂತರೇಖೆಗಳು ಕಣ್ಣಿಗೆ ಕಾಣುವುದಿಲ್ಲ. ಕಾಂತಮಾಪಕವು ನೌಕೆ ಇರುವ ಜಾಗದ ಕ್ಷೇತ್ರವನ್ನಷ್ಟೇ ಹೇಳುತ್ತದೆ, ಆ ರೇಖೆಯ ತುದಿ ಎಲ್ಲಿ ನೆಟ್ಟಿದೆ ಎಂಬುದನ್ನು ಹೇಳುವುದಿಲ್ಲ. ಸ್ಟ್ರಾಲ್ ಸದಾ ಸೂರ್ಯನಿಂದ ಹೊರಟು ಬರುವುದರಿಂದ ಅದು ಈ ಕೊರತೆಯನ್ನು ತುಂಬುತ್ತದೆ. ಒಂದೇ ಕಡೆಯಿಂದ ಧಾರೆ ಬರುತ್ತಿದ್ದರೆ ರೇಖೆಯ ಒಂದು ತುದಿ ಸೂರ್ಯನಲ್ಲಿದೆ. ಎರಡೂ ಕಡೆಯಿಂದ ಬರುತ್ತಿದ್ದರೆ ಎರಡೂ ತುದಿಗಳು ಸೂರ್ಯನಲ್ಲಿವೆ, ಅಂದರೆ ನೌಕೆಯು ಸೂರ್ಯನು ಉಗುಳಿದ ಕಾಂತ ಕುಣಿಕೆಯೊಂದರ ಒಳಗೆ ಇದೆ. ಕರೋನಾದ ದ್ರವ್ಯ ಉತ್ಸರ್ಜನೆಗಳು ಭೂಮಿಯ ಬಳಿ ಹಾದುಹೋಗುವುದನ್ನು ಗುರುತಿಸಲು ಇದೊಂದು ನಂಬಲರ್ಹ ಲಕ್ಷಣ.

ಯೂಜೀನ್ ಪಾರ್ಕರ್ ಹೆಸರಿನ ನಾಸಾದ ಪಾರ್ಕರ್ ನೌಕೆ 2018ರ ನವೆಂಬರಿನಲ್ಲಿ ಮೊದಲ ಬಾರಿ ಸೂರ್ಯನ ಸಮೀಪಕ್ಕೆ ಹೋದಾಗ ಕಾಂತಕ್ಷೇತ್ರ ಮತ್ತೆ ಮತ್ತೆ ಥಟ್ಟನೆ ತಿರುಗಿ ನಿಲ್ಲುವುದನ್ನು ಕಂಡಿತು. ಅದು ಸೂರ್ಯನಲ್ಲೇ ವಿರುದ್ಧ ಧ್ರುವದಿಂದ ಹೊರಟ ಬೇರೆ ರೇಖೆಯೋ, ಒಂದೇ ರೇಖೆಯ ಮಡಿಕೆಯೋ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಎಲೆಕ್ಟ್ರಾನುಗಳು. ಕ್ಷೇತ್ರದೊಂದಿಗೆ ಸ್ಟ್ರಾಲ್ ಕೂಡ ತಿರುಗಿ, ಆ ಮಡಿಕೆಯೊಳಗೆ ಸ್ವಲ್ಪ ದೂರ ಸೂರ್ಯನ ಕಡೆಗೇ ಹರಿದದ್ದರಿಂದ ಅದು ಮಡಿಕೆಯೇ ಎಂದು ಖಚಿತವಾಯಿತು.

ಇಷ್ಟು ವಿರಳವಾದ ಕಣಗಳನ್ನು ಹಿಡಿದು ಅಳೆಯುವುದು ಹೇಗೆ?

ಬಹುತೇಕ ನೌಕೆಗಳಲ್ಲಿ ಇರುವುದು ಒಂದರೊಳಗೊಂದು ಕವುಚಿಟ್ಟ ಎರಡು ಬಟ್ಟಲುಗಳಂಥ ಉಪಕರಣ. ಎರಡು ಲೋಹದ ಅರ್ಧಗೋಳಗಳ ನಡುವೆ ಕೆಲವೇ ಮಿಲಿಮೀಟರ್ ಸಂದು, ಅವುಗಳ ನಡುವೆ ಒಂದು ವೋಲ್ಟೇಜ್. ಸಂದಿಯೊಳಗೆ ಬಂದ ಎಲೆಕ್ಟ್ರಾನಿನ ಶಕ್ತಿ ಹೆಚ್ಚಿದ್ದರೆ ಅದು ಬಾಗದೆ ಹೊರಗೋಡೆಗೆ ಬಡಿಯುತ್ತದೆ, ಕಡಿಮೆಯಿದ್ದರೆ ಅತಿಯಾಗಿ ಬಾಗಿ ಒಳಗೋಡೆಗೆ ಬಡಿಯುತ್ತದೆ. ಆ ವೋಲ್ಟೇಜಿಗೆ ಹೊಂದುವ ಶಕ್ತಿಯದ್ದು ಮಾತ್ರ ಕೊನೆಯವರೆಗೆ ಸಾಗುತ್ತದೆ. ಅಲ್ಲಿ ಕೂದಲೆಳೆಗಿಂತ ಸಣ್ಣ ರಂಧ್ರಗಳ ಗಾಜಿನ ಬಿಲ್ಲೆಯೊಂದು ಒಂದು ಎಲೆಕ್ಟ್ರಾನಿನ ಬಡಿತವನ್ನು ಹತ್ತು ಲಕ್ಷ ಎಲೆಕ್ಟ್ರಾನುಗಳ ಮಿಡಿತವಾಗಿ ಹಿಗ್ಗಿಸಿ ಎಣಿಕೆಗೆ ಒದಗಿಸುತ್ತದೆ. ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಬದಲಿಸುತ್ತಾ ಹೋದರೆ ಯಾವ ಶಕ್ತಿಯವು ಎಷ್ಟು ಎಂಬ ಪಟ್ಟಿ ಸಿದ್ಧವಾಗುತ್ತದೆ.

ಕಷ್ಟವಿರುವುದು ಕಡಿಮೆ ಶಕ್ತಿಯ ಕಡೆ. ಬಿಸಿಲು ಬಿದ್ದ ನೌಕೆಯ ಮೈಯಿಂದಲೇ ಎಲೆಕ್ಟ್ರಾನುಗಳು ಹೊರಬೀಳುತ್ತವೆ, ನೌಕೆ ಕೆಲವು ವೋಲ್ಟ್ ಧನಾವೇಶ ಪಡೆಯುತ್ತದೆ, ಹೊರಬಿದ್ದ ಆ ಎಲೆಕ್ಟ್ರಾನುಗಳು ಮರಳಿ ಉಪಕರಣಕ್ಕೇ ಬಂದು ಸೇರುತ್ತವೆ. ಅವುಗಳನ್ನು ಸೌರಮಾರುತದ ಎಲೆಕ್ಟ್ರಾನುಗಳಿಂದ ಬೇರ್ಪಡಿಸದೆ ಕೊಟ್ಟ ಸಾಂದ್ರತೆಯ ಅಂಕಿಯನ್ನು ನಂಬಬಾರದು. ಇದಕ್ಕೆ ಪರ್ಯಾಯವಾಗಿ, ಉದ್ದನೆಯ ಆಂಟೆನಾದಲ್ಲಿ ಎಲೆಕ್ಟ್ರಾನುಗಳ ಓಡಾಟ ಹುಟ್ಟಿಸುವ ರೇಡಿಯೋ ಗದ್ದಲವನ್ನು ಆಲಿಸುವ ಅಚ್ಚುಕಟ್ಟಾದ ವಿಧಾನವಿದೆ. ಆ ಗದ್ದಲ ಒಂದು ನಿರ್ದಿಷ್ಟ ಆವೃತ್ತಿಯಲ್ಲಿ ಏರುವುದರಿಂದ, ನೌಕೆಯ ಆವೇಶದ ತೊಡಕಿಲ್ಲದೆ ಸಾಂದ್ರತೆ ತಿಳಿಯುತ್ತದೆ.

ಆದಿತ್ಯ-ಎಲ್1 ನೌಕೆ ಎಲೆಕ್ಟ್ರಾನುಗಳನ್ನು ಅಳೆಯುತ್ತದೆಯೇ?

ಹೌದು. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟು, 2024ರ ಜನವರಿ 6ರಂದು ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ, ಸೂರ್ಯ-ಭೂಮಿಗಳ ಸೆಳೆತ ಸರಿದೂಗುವ ಎಲ್1 ಬಿಂದುವಿನ ಸುತ್ತಲ ಕಕ್ಷೆಗೆ ಸೇರಿದ ಈ ನೌಕೆಯಲ್ಲಿ ತಿರುವನಂತಪುರದಲ್ಲಿ ರೂಪಿಸಿದ ‘ಪಾಪಾ’ ಎಂಬ ಉಪಕರಣವಿದೆ. ಅದರ ಎರಡು ಸಂವೇದಕಗಳಲ್ಲಿ ‘ಸ್ವೀಪ್’ ಎಂಬುದು ಹತ್ತು ಎಲೆಕ್ಟ್ರಾನ್ ವೋಲ್ಟಿನಿಂದ ಮೂರು ಸಾವಿರ ಎಲೆಕ್ಟ್ರಾನ್ ವೋಲ್ಟಿನವರೆಗಿನ ಎಲೆಕ್ಟ್ರಾನುಗಳನ್ನು ಎಣಿಸುತ್ತದೆ. ತಿರುಳಿನ ಮೇಲ್ಭಾಗ, ಹೇಲೋ, ಸ್ಟ್ರಾಲ್ ಎಲ್ಲವೂ ಈ ವ್ಯಾಪ್ತಿಯೊಳಗೇ ಬರುತ್ತವೆ. 2023ರ ಡಿಸೆಂಬರ್ 15 ಮತ್ತು 2024ರ ಫೆಬ್ರವರಿ 10–11ರ ಕರೋನಾ ಉತ್ಸರ್ಜನೆಗಳ ಪರಿಣಾಮವನ್ನು ಪಾಪಾ ಗುರುತಿಸಿತೆಂದು ಇಸ್ರೋ ತಿಳಿಸಿದೆ. ಸ್ಟ್ರಾಲ್‌ನ ದಿಕ್ಕನ್ನು ಅರ್ಥೈಸಲು ಬೇಕಾದ ಕಾಂತಮಾಪಕವೂ ಅದೇ ನೌಕೆಯಲ್ಲಿದೆ. ಅದು ಬೆಂಗಳೂರಿನಲ್ಲಿ ತಯಾರಾದದ್ದು, ಆರು ಮೀಟರ್ ಉದ್ದದ ತೋಳಿನ ಮೇಲೆ ಕುಳಿತಿದೆ.

ಈ ಎಲೆಕ್ಟ್ರಾನುಗಳ ಸುಳಿವನ್ನು ನೆಲದಿಂದ ಪಡೆಯಬಹುದೇ?

ಎರಡು ರೀತಿಯಲ್ಲಿ ಪಡೆಯಬಹುದು, ಎರಡಕ್ಕೂ ಕರ್ನಾಟಕದ ನಂಟಿದೆ.

ಮೊದಲನೆಯದು ರೇಡಿಯೋ. ಸೌರಜ್ವಾಲೆಯ ಹೊತ್ತಿನಲ್ಲಿ ಬೆಳಕಿನ ಮೂರನೇ ಒಂದರಷ್ಟು ವೇಗದಲ್ಲಿ ಹೊರಚಿಮ್ಮುವ ಎಲೆಕ್ಟ್ರಾನುಗಳ ಕಟ್ಟು ತಾನು ಹಾಯುವ ಪ್ಲಾಸ್ಮಾವನ್ನು ಕಂಪಿಸುವಂತೆ ಮಾಡುತ್ತದೆ, ಅದರಿಂದ ಮೂರನೆಯ ಬಗೆಯ ಸ್ಫೋಟವೆಂದು ಕರೆಯುವ ರೇಡಿಯೋ ಅಲೆಗಳು ಹೊರಡುತ್ತವೆ. ಅಲೆಯ ಆವೃತ್ತಿ ಆ ಜಾಗದ ಎಲೆಕ್ಟ್ರಾನ್ ಸಾಂದ್ರತೆಯ ವರ್ಗಮೂಲಕ್ಕೆ ಅನುಗುಣ. 80 ಮೆಗಾಹರ್ಟ್ಸ್‌ನಲ್ಲಿ ಕೇಳಿಸಿದರೆ ಕಟ್ಟು ಇರುವಲ್ಲಿ ಘನ ಸೆಂಟಿಮೀಟರಿಗೆ ಸುಮಾರು ಎಂಟು ಕೋಟಿ ಎಲೆಕ್ಟ್ರಾನುಗಳಿವೆ ಎಂದರ್ಥ. ಭೂಮಿಯ ಬಳಿಗೆ ಬರುವ ಹೊತ್ತಿಗೆ ಅದೇ ಸದ್ದು 20 ಕಿಲೋಹರ್ಟ್ಸ್‌ಗೆ ಇಳಿದಿರುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಆಂಟೆನಾಗಳು ಕರೋನಾದೊಳಗಿನ ಈ ಮೊದಲ ಹಂತವನ್ನು ದಶಕಗಳಿಂದ ದಾಖಲಿಸುತ್ತಿವೆ. ಹತ್ತು ಮೆಗಾಹರ್ಟ್ಸ್‌ನ ಆಸುಪಾಸಿಗಿಂತ ಕೆಳಗಿನ ಅಲೆಗಳನ್ನು ಭೂಮಿಯ ಅಯಾನುಗೋಳ ತಡೆಯುವುದರಿಂದ, ಮುಂದಿನ ಹಾದಿಯನ್ನು ನೌಕೆಗಳೇ ಹಿಂಬಾಲಿಸಬೇಕು.

ಎರಡನೆಯದು ಖಗ್ರಾಸ ಸೂರ್ಯಗ್ರಹಣ. ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಿದಾಗ ಸುತ್ತ ಕಾಣುವ ಮುತ್ತಿನ ಬಣ್ಣದ ಪ್ರಭೆಯ ಒಳಭಾಗ, ಸೂರ್ಯನ ಬೆಳಕು ಕರೋನಾದ ಬಿಡಿ ಎಲೆಕ್ಟ್ರಾನುಗಳಿಂದ ಚದುರಿ ಬಂದದ್ದು. ಎಲೆಕ್ಟ್ರಾನುಗಳು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಓಡಾಡುತ್ತಿರುವುದರಿಂದ ಆ ಬೆಳಕಿನಲ್ಲಿ ಸೂರ್ಯನ ರೋಹಿತದ ಕಪ್ಪು ಗೆರೆಗಳು ಕಲಸಿ ಅಳಿಸಿಹೋಗಿರುತ್ತವೆ. 1980ರ ಫೆಬ್ರವರಿ 16ರ ಮಧ್ಯಾಹ್ನ ಕಾರವಾರ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಚಂದ್ರನ ನೆರಳು ಹಾದುಹೋದಾಗ, ಬಾಗಿಲು ಹಾಕಿಕೊಳ್ಳದೆ ಹೊರಗೆ ನಿಂತು ಎರಡು ನಿಮಿಷಕ್ಕೂ ಹೆಚ್ಚು ಕಾಲ ಆ ಬೆಳ್ಳನೆಯ ಪ್ರಭೆಯನ್ನು ಕಂಡವರು, ಮುಂದೆ ಸೌರಮಾರುತವಾಗಿ ಹೊರಡಲಿದ್ದ ಎಲೆಕ್ಟ್ರಾನುಗಳನ್ನೂ ಕಂಡಿದ್ದರು. ಎಲೆಕ್ಟ್ರಾನುಗಳ ಈ ಮೋಡ ಬರಿಗಣ್ಣಿಗೆ ಸಿಗುವುದು ಆ ಕೆಲವು ನಿಮಿಷಗಳಲ್ಲಿ ಮಾತ್ರ.

ಧ್ರುವಪ್ರಭೆಯನ್ನು ಉಂಟುಮಾಡುವುದು ಇದೇ ಎಲೆಕ್ಟ್ರಾನುಗಳೇ?

ಸಾಮಾನ್ಯವಾಗಿ ಅಲ್ಲ. ಸೌರಮಾರುತದ ಕಣಗಳು ನೇರವಾಗಿ ಬಂದು ಆಕಾಶವನ್ನು ಬೆಳಗುತ್ತವೆ ಎಂದು ಅನೇಕ ಕಡೆ ಬರೆದಿರುವುದು ಸರಿಯಲ್ಲ. ನಾವು ಚಿತ್ರಗಳಲ್ಲಿ ನೋಡುವ ಹಸಿರು ತೆರೆಗಳನ್ನು ಹೊತ್ತಿಸುವುದು ಭೂಮಿಯ ಕಾಂತಗೋಳದೊಳಗೆ, ಭೂಮಿಗೆ ಸಮೀಪದಲ್ಲಿ ವೇಗ ಪಡೆದ ಎಲೆಕ್ಟ್ರಾನುಗಳು. ಸೌರಮಾರುತ ಅದಕ್ಕೆ ಬೇಕಾದ ಶಕ್ತಿಯನ್ನು ಒದಗಿಸುತ್ತದೆ.

ಇದಕ್ಕೊಂದು ಸೊಗಸಾದ ಅಪವಾದವಿದೆ. ಧ್ರುವದ ನೆತ್ತಿಯ ಮೇಲಿನ ಕಾಂತರೇಖೆಗಳು ಸೂರ್ಯನ ರೇಖೆಗಳೊಂದಿಗೆ ಬೆಸೆದುಕೊಂಡಿರುವಾಗ ಸ್ಟ್ರಾಲ್ ಎಲೆಕ್ಟ್ರಾನುಗಳು ಅವುಗಳ ಗುಂಟ ನೇರವಾಗಿ ಕೆಳಗಿಳಿಯುತ್ತವೆ. ಇದಕ್ಕೆ ಧ್ರುವದ ಮಳೆ ಎಂದು ಹೆಸರು. ಸಾಮಾನ್ಯ ದಿನಗಳಲ್ಲಿ ಅದು ತೀರ ಕ್ಷೀಣ. 1999ರ ಮೇ 10ರಿಂದ 12ರವರೆಗೆ ಸೌರಮಾರುತದ ಸಾಂದ್ರತೆ ಘನ ಸೆಂಟಿಮೀಟರಿಗೆ ಒಂದು ಕಣಕ್ಕಿಂತಲೂ ಕೆಳಗೆ ಕುಸಿದಾಗ ಸ್ಟ್ರಾಲ್ ಹೆಚ್ಚೇನೂ ಚದುರದೆ ಬಂದು ತಲುಪಿತು, ಮತ್ತು ಪೋಲಾರ್ ಉಪಗ್ರಹ ಉತ್ತರ ಧ್ರುವದ ಮೇಲೆ ಕ್ಷ-ಕಿರಣಗಳ ಪ್ರಭೆಯನ್ನು ಕಂಡಿತು. 2022ರ ಡಿಸೆಂಬರ್ 25–26ರಂದು ಸೌರಮಾರುತ ಮತ್ತೆ ಬಹುಪಾಲು ಅಡಗಿದಾಗ, ಆರ್ಕ್‌ಟಿಕ್ ಪ್ರದೇಶದ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿನ ಕ್ಯಾಮೆರಾ ನಯವಾದ, ತೆರೆಗಳಿಲ್ಲದ ಹಸಿರು ಹೊಳಪನ್ನು ನೆಲದಿಂದಲೇ ಸೆರೆಹಿಡಿಯಿತು. ಮಾರುತ ನಿಂತಾಗ ಬೆಳಗಿದ ಈ ಪ್ರಭೆ, ಎಲೆಕ್ಟ್ರಾನುಗಳು ತಮ್ಮದೇ ದಾರಿಯಲ್ಲಿ ಬರುತ್ತವೆ ಎಂಬುದಕ್ಕೆ ನನಗೆ ತಿಳಿದ ಅತ್ಯಂತ ಸ್ಪಷ್ಟ ಪುರಾವೆ.

ಇವುಗಳಿಂದ ಜನರಿಗೆ ಅಪಾಯವಿದೆಯೇ?

ನೆಲದ ಮೇಲಿರುವವರಿಗೆ ಇಲ್ಲ. ವಾತಾವರಣದ ಮೇಲ್ಪದರವೇ ಇವುಗಳನ್ನು ಹೀರಿಕೊಳ್ಳುತ್ತದೆ. ಉಪಗ್ರಹಗಳನ್ನು ಕೆಡಿಸುವ ಅತಿಶಕ್ತಿಯ ಎಲೆಕ್ಟ್ರಾನುಗಳು ಭೂಮಿಯ ವಿಕಿರಣ ಪಟ್ಟಿಗಳಲ್ಲಿರುವವು, ಅವು ಬೇರೆ.

ಸೂರ್ಯನ ತೀರ ಹತ್ತಿರಕ್ಕೆ ಹೋದರೆ ಈ ಚಿತ್ರ ಬದಲಾಗುತ್ತದೆಯೇ?

ಬದಲಾಗುತ್ತದೆ, ಮತ್ತು ಬದಲಾದ ರೀತಿ ಮೇಲಿನ ವಿವರಣೆಗಳಿಗೆ ಪರೀಕ್ಷೆಯಂತಿದೆ. 2018ರ ಆಗಸ್ಟ್ 12ರಂದು ಹೊರಟ ಪಾರ್ಕರ್ ನೌಕೆ 2021ರ ಏಪ್ರಿಲಿನಲ್ಲಿ ಕರೋನಾದ ಕಾಂತ ಗಡಿಯನ್ನು ದಾಟಿತು, 2024ರ ಡಿಸೆಂಬರ್ 24ರಂದು ಸೂರ್ಯನ ಮೇಲ್ಮೈಯಿಂದ 61 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಸೂರ್ಯನಿಗೆ ಹತ್ತಿರವಾದಂತೆ ಸ್ಟ್ರಾಲ್ ಕಿರಿದಾಗುತ್ತಾ ಹೋಗುವುದನ್ನೂ, ಹೇಲೋದ ಪಾಲು ಕರಗುತ್ತಾ ಹೋಗುವುದನ್ನೂ ಅದರ ಉಪಕರಣಗಳು ಕಂಡವು. ಅದರೊಂದಿಗೆ, ಸೂರ್ಯನ ಕಡೆಗೆ ಮರಳುವ ಎಲೆಕ್ಟ್ರಾನುಗಳ ಎಣಿಕೆಯಲ್ಲಿ, ಒಂದು ಶಕ್ತಿಯ ಮಟ್ಟದಿಂದ ಮೇಲೆ, ಒಂದು ಕೊರತೆ ಕಾಣಿಸಿತು. ಹೊರಮುಖದ ವಿದ್ಯುತ್ ಕ್ಷೇತ್ರ ತಡೆದು ಹಿಂದಿರುಗಿಸಬಲ್ಲ ಎಲೆಕ್ಟ್ರಾನುಗಳು ಮರಳಿ ಬರುತ್ತವೆ, ಅದನ್ನು ಮೀರಿ ಹೋಗುವ ಶಕ್ತಿಯುಳ್ಳವು ಮರಳುವುದಿಲ್ಲ. ಆ ಕೊರತೆ ಶುರುವಾಗುವ ಶಕ್ತಿಯಿಂದಲೇ, ನೌಕೆ ಇರುವಲ್ಲಿಂದ ಆಚೆಗೆ ಉಳಿದಿರುವ ವಿದ್ಯುತ್ ವಿಭವ ಎಷ್ಟು ವೋಲ್ಟ್ ಎಂದು ಈಗ ಲೆಕ್ಕ ಹಾಕಲಾಗುತ್ತಿದೆ.